ಅಪ್ಪ ಅಮ್ಮನ ಜೊತೆ ಜಪಾನಿನ ರ್ಯೋಕಾನ್: ಸ್ನಾನ, ಊಟ, ಮಂಡಿನೋವು, ದುಡ್ಡು

ತುಂಗೆದಂಡೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಜಪಾನ್‌ಗೆ ಹೋಗುವ ಯೋಚನೆ ಇದೆ. ನಾನು, ಹೆಂಡತಿ, ಅಪ್ಪ, ಅಮ್ಮ. ಅಡಿಕೆ ಕೊಯ್ಲು, ಸುಲಿತ ಎಲ್ಲ ಅಷ್ಟರಲ್ಲಿ ಮುಗಿದಿರುತ್ತದೆ ಅಂತ ಅಪ್ಪ ಹೇಗೋ ಒಪ್ಪಿದ್ದಾರೆ. ಇಲ್ಲದಿದ್ದರೆ ಅವರನ್ನು ತೋಟ ಬಿಡಿಸಿ ಶಿವಮೊಗ್ಗದ ತನಕ ಕರೆದುಕೊಂಡು ಹೋಗುವುದೂ ಕಷ್ಟ.

ಟೋಕಿಯೊ, ಕ್ಯೋಟೊ ಎಲ್ಲ ನೋಡಿಕೊಳ್ಳಬಹುದು. ತಲೆಬಿಸಿ ಇರುವುದು ರ್ಯೋಕಾನ್ ವಿಷಯದಲ್ಲಿ. ಅದೇ, ನೆಲಕ್ಕೆ ಚಾಪೆ ಹಾಸಿದ ಹಳೇ ಕಾಲದ ವಸತಿಗೃಹ, ಅಲ್ಲೇ ಬಿಸಿನೀರಿನ ಬುಗ್ಗೆಯ ಸ್ನಾನ, ರಾತ್ರಿ ಊಟ, ಬೆಳಗಿನ ತಿಂಡಿ ಎಲ್ಲ ಅವರದೇ. ಹೆಂಡತಿಗೆ ಅದು ಬೇಕೇ ಬೇಕಂತೆ. ನನಗೆ ಭಯ.

ಮೊದಲನೆಯದು ಸ್ನಾನ. ಮೈಮೇಲೆ ಒಂದೆಳೆ ಬಟ್ಟೆಯೂ ಇಲ್ಲದೆ ಹತ್ತು ಜನರ ಜೊತೆ ತೊಟ್ಟಿಗೆ ಇಳಿಯಬೇಕಂತೆ ಹೌದಾ? ನಮ್ಮಪ್ಪ ತುಂಗೆಯಲ್ಲಿ ಮುಳುಗು ಹಾಕುವಾಗಲೂ ಪಂಚೆ ಬಿಡದ ಮನುಷ್ಯ. ಅಮ್ಮನ ವಿಷಯ ಹೇಳುವುದೇ ಬೇಡ. ಎರಡನೆಯದು ಅಮ್ಮನ ಮಂಡಿ. ನೆಲದ ಮೇಲೆ ಮಲಗಿದರೆ ಬೆಳಿಗ್ಗೆ ಏಳಿಸಲು ಇಬ್ಬರು ಬೇಕು. ಮೂರನೆಯದು ಊಟ. ಇಬ್ಬರೂ ಈರುಳ್ಳಿ ಬೆಳ್ಳುಳ್ಳಿ ಸಹ ಮುಟ್ಟುವುದಿಲ್ಲ, ಮೀನು ಮೊಟ್ಟೆಯ ಮಾತು ದೂರ ಉಳಿಯಿತು.

ಇನ್ನೊಂದು. ಟೂರಿನವನೊಬ್ಬ ಚಹಾ ವಿಧಿ, ಕುಂಚದ ಬರವಣಿಗೆ, ಕಿಮೋನೊ ಎಲ್ಲ ಸೇರಿಸಿ ಸಾಂಸ್ಕೃತಿಕ ಪ್ಯಾಕೇಜ್ ಅಂತ ಒಂದು ರೇಟು ಹೇಳಿದ, ಕೇಳಿ ಎದೆ ಧಸಕ್ಕೆಂದಿತು. ಅದರಿಂದ ನಿಜವಾಗಿ ಏನಾದರೂ ನೋಡಿದ ಹಾಗೆ ಆಗುತ್ತದಾ, ಅಥವಾ ಸುಮ್ನೆ ಫೋಟೊಕ್ಕಾ? ಹೋಗಿ ಬಂದವರು ಹೇಳಿ.

ಹೊಸನಗರದವಳು

ಯಜಮಾನರ ಕೆಲಸದ ಮೇಲೆ ನಾವು ಯೊಕೊಹಾಮಾದಲ್ಲಿದ್ದೆವು. ಅತ್ತೆ ಮಾವ ಬಂದಾಗ ಇದೇ ಗೋಳು ನಮ್ಮ ಮನೆಯಲ್ಲೂ ನಡೆದಿದೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಸ್ನಾನದ ಬಗ್ಗೆ ನೀವು ಕೇಳಿದ್ದು ನಿಜ. ಬಟ್ಟೆ ಹಾಕಿಕೊಂಡು ತೊಟ್ಟಿಗೆ ಇಳಿಯುವ ಹಾಗಿಲ್ಲ, ಈಜುಡುಗೆ ಸಹ ಇಲ್ಲ. ಆದರೆ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಬಾಗಿಲಿಗೆ ಬಟ್ಟೆಯ ಪರದೆ ಇಳಿಬಿಟ್ಟಿರುತ್ತಾರೆ, ಸಾಮಾನ್ಯವಾಗಿ ನೀಲಿ ಗಂಡಸರದ್ದು, ಕೆಂಪು ಹೆಂಗಸರದ್ದು. ಬಹಳ ಕಡೆ ರಾತ್ರಿ ಬೆಳಗಾಗುವುದರೊಳಗೆ ಎರಡನ್ನೂ ಅದಲು ಬದಲು ಮಾಡುತ್ತಾರೆ, ಎಲ್ಲರಿಗೂ ಎರಡೂ ತೊಟ್ಟಿ ಸಿಗಲಿ ಅಂತ. ಆದ್ದರಿಂದ ನಿನ್ನೆ ಹೋದ ಬಾಗಿಲಿಗೇ ಕಣ್ಣುಮುಚ್ಚಿ ನುಗ್ಗಬಾರದು, ಪರದೆ ನೋಡಿಯೇ ಹೋಗಬೇಕು ಅಂತ ಅಪ್ಪನಿಗೆ ಹೇಳಿಡಿ.

ಒಳಗೆ ಹೋದರೆ ಗೋಡೆಯ ಪಕ್ಕ ಸಾಲಾಗಿ ಪುಟ್ಟ ಮಣೆಯಂಥ ಸ್ಟೂಲು, ಹ್ಯಾಂಡ್ ಶವರ್, ಸೋಪು, ಶಾಂಪೂ ಇರುತ್ತವೆ. ಅಲ್ಲಿ ಕೂತು ಮೈ ತಿಕ್ಕಿ ನೊರೆಯೆಲ್ಲ ಹೋಗುವ ಹಾಗೆ ತೊಳೆದುಕೊಂಡ ಮೇಲೆಯೇ ತೊಟ್ಟಿ. ಅಂದರೆ ತೊಟ್ಟಿ ಇರುವುದು ಕೊಳೆ ತೆಗೆಯಲು ಅಲ್ಲ, ನೆನೆಯಲು. ಕೈಯಲ್ಲಿರುವ ಚಿಕ್ಕ ಟವೆಲ್ ನೀರಿಗೆ ತಾಗಬಾರದು, ಮಡಚಿ ತಲೆ ಮೇಲೆ ಇಟ್ಟುಕೊಳ್ಳುತ್ತಾರೆ. ನೀರು 40ರಿಂದ 42 ಡಿಗ್ರಿ ಇರುತ್ತದೆ, ಕೆಲವು ಕಡೆ ಇನ್ನೂ ಜಾಸ್ತಿ. ಬಿಪಿ ಇದ್ದರೆ ಡಾಕ್ಟರನ್ನು ಕೇಳಿಕೊಂಡು ಹೋಗಿ, ಊಟ ಆದ ತಕ್ಷಣ ಇಳಿಸಬೇಡಿ, ಎದ್ದು ಬರುವಾಗ ತಲೆ ತಿರುಗುತ್ತದೆ, ಕೈ ಹಿಡಿದುಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ ಅಪ್ಪ ಅಮ್ಮ ಒಪ್ಪುವುದಿಲ್ಲ, ನನಗೆ ಗೊತ್ತು! ಅದಕ್ಕೆ ಕಶಿಕಿರಿ ಅಂತ ಇದೆ. ಒಂದು ಸಣ್ಣ ಸ್ನಾನದ ಕೋಣೆಯನ್ನು ಮುಕ್ಕಾಲು ಗಂಟೆಯೋ ಏನೋ ನಿಮ್ಮ ಮನೆಯವರಿಗೇ ಬಿಟ್ಟುಕೊಡುತ್ತಾರೆ, ಒಳಗಿನಿಂದ ಚಿಲಕ. ಕೆಲವು ಕಡೆ ಫ್ರೀ, ಕೆಲವು ಕಡೆ ಎರಡು ಮೂರು ಸಾವಿರ ಯೆನ್. ಅಪ್ಪ ಅಮ್ಮನಿಗೆ ಒಂದು ಪಾಳಿ, ನಿಮಗಿಬ್ಬರಿಗೆ ಒಂದು ಪಾಳಿ ಹಿಡಿದರೆ ತಕರಾರೇ ಇಲ್ಲ. ರೂಮಿಗೇ ತೊಟ್ಟಿ ಇರುವ ಕಡೆಯೂ ಇದೆ, ಆದರೆ ರೇಟು ಆಕಾಶದಲ್ಲಿರುತ್ತದೆ.

ಯಾರೂ ಹೇಳದ ವಿಷಯ ಮೂರು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಮೊದಲು ಶಾಂಪೂ ಹಾಕಿ ಪೂರ್ತಿ ತೆಗೆಯಬೇಕು, ಕೂದಲು ಮೇಲೆ ಕಟ್ಟಬೇಕು. ಅಮ್ಮನ ಕೈಮೇಲೆ ಹಳೇ ಹಚ್ಚೆ ಇದೆಯಾ? ಹಚ್ಚೆ ಇರುವವರನ್ನು ತುಂಬಾ ಒನ್ಸೆನ್‌ಗಳಲ್ಲಿ (ಬಿಸಿನೀರಿನ ಬುಗ್ಗೆಗೆ ಅಲ್ಲಿನ ಹೆಸರು) ಸಾಮೂಹಿಕ ತೊಟ್ಟಿಗೆ ಬಿಡುವುದಿಲ್ಲ, ಅಲ್ಲಿ ಅದು ರೌಡಿಗಳ ಗುರುತು ಅನ್ನುವ ಭಾವನೆ ಇನ್ನೂ ಹೋಗಿಲ್ಲ. ತುಳಸಿಕಟ್ಟೆಯ ಹಚ್ಚೆ ಹಾಕಿಸಿಕೊಂಡ ಅಜ್ಜಿಯೂ ಅವರ ನಿಯಮದಲ್ಲಿ ಒಂದೇ. ಚಿಕ್ಕದಾದರೆ ಮೇಲೆ ಅಂಟಿಸುವ ಪಟ್ಟಿ ಸಿಗುತ್ತದೆ, ಕಶಿಕಿರಿ ಆದರೆ ಆ ಗೊಡವೆಯೇ ಇಲ್ಲ. ಮೂರನೆಯದು ಬೆಳ್ಳಿ. ಗಂಧಕದ ನೀರಿಗೆ ಬೆಳ್ಳಿ ತಾಗಿದರೆ ಕಪ್ಪಾಗುತ್ತದೆ. ನಮ್ಮತ್ತೆ ಕಾಲುಂಗುರ ತೆಗೆಯುವುದಿಲ್ಲ ಅಂತ ಹಠ ಹಿಡಿದು ಇಳಿದರು, ಮೇಲೆ ಬರುವಾಗ ಕಾಲುಂಗುರ ಇದ್ದಿಲಿನ ಬಣ್ಣ. ವಾಪಸ್ ಬಂದು ವಿಭೂತಿ ಹಾಕಿ ತಿಕ್ಕಿದ ಮೇಲೆ ಸರಿಯಾಯಿತು, ಅಲ್ಲಿಯ ತನಕ ಅವರ ಮುಖ ನೋಡುವ ಹಾಗಿರಲಿಲ್ಲ.

ಮಂಡಿಗೆ ಉಪಾಯ ಇದೆ. ಬುಕ್ ಮಾಡುವಾಗ ವಾಯೋಶಿತ್ಸು ಅಂತ ಕೇಳಿ, ಅರ್ಧ ತಾತಾಮಿ ಚಾಪೆ, ಅರ್ಧ ಮಂಚ ಇರುವ ರೂಮು. ಊಟಕ್ಕೆ ಮೇಜು ಕುರ್ಚಿ ಇರುವ ಹಾಲ್ ಇದೆಯಾ ಅಂತಲೂ ಕೇಳಿ. ಈಗ ಬಹಳ ಕಡೆ ಇದೆ, ಅವರ ದೇಶದಲ್ಲೂ ವಯಸ್ಸಾದವರೇ ಜಾಸ್ತಿ ಅಲ್ವಾ.

ಮಂಡಿಪೇಟೆ

ಎಲ್ಲ ಸರಿ, ದುಡ್ಡಿನ ಮಾತು ಯಾರೂ ಆಡಲಿಲ್ಲ. ರ್ಯೋಕಾನ್ ರೇಟು ರೂಮಿಗಲ್ಲ ಮಾರಾಯ್ರೆ, ತಲೆಗೆ. ಸಾಧಾರಣದ್ದಕ್ಕೇ ಒಬ್ಬರಿಗೆ 15ರಿಂದ 30 ಸಾವಿರ ಯೆನ್. 25 ಸಾವಿರ ಅಂತ ಹಿಡಿದರೂ ನಾಲ್ಕು ಜನಕ್ಕೆ ಒಂದು ರಾತ್ರಿಗೆ ಲಕ್ಷ ಯೆನ್, ಅಂದರೆ ಅರ್ಧ ಲಕ್ಷ ರೂಪಾಯಿಗೂ ಮೇಲೆ. ಮಧ್ಯಾಹ್ನ 3ಕ್ಕೆ ಒಳಗೆ ಬಿಟ್ಟು ಮಾರನೇ ದಿನ 10ಕ್ಕೋ 11ಕ್ಕೋ ಹೊರಗೆ ಕಳಿಸುತ್ತಾರೆ. ಮೇಲೆ ಸ್ನಾನಕ್ಕೂ ತೆರಿಗೆ, ಒಬ್ಬರಿಗೆ ಸಾಮಾನ್ಯವಾಗಿ 150 ಯೆನ್. ಸ್ನಾನಕ್ಕೆ ತೆರಿಗೆ! ಊಟವನ್ನು ಅರ್ಧ ಬಿಡುವವರಿಗೆ, ತೊಟ್ಟಿಗೆ ಇಳಿಯದವರಿಗೆ ಅಷ್ಟು ಕೊಡುವುದು ದಂಡ. ನಮ್ಮ ಬಚ್ಚಲ ಹಂಡೆ ನೀರು ಅದಕ್ಕಿಂತ ಬಿಸಿ ಇರುತ್ತದೆ.

ಬುಗ್ಗೆಯೇ ನೋಡಬೇಕು ಅಂದರೆ ಪುತ್ತೂರಿನ ಹತ್ತಿರ ಇರ್ದೆಯಲ್ಲಿ ಬೆಂದ್ರುತೀರ್ಥ ಇದೆ, ಘಾಟಿ ಇಳಿದರೆ ಆಯಿತು. ಜಪಾನಿನಲ್ಲೇ ಆಗಬೇಕಾದರೆ ಹಗಲು ಹೊತ್ತು ಸ್ನಾನ ಮಾತ್ರ ಮಾಡಿ ಬರುವ ವ್ಯವಸ್ಥೆ ಇದೆ, ಸಾವಿರ ಯೆನ್ ಆಸುಪಾಸಿನಲ್ಲಿ ಮುಗಿಯುತ್ತದೆ. ರಾತ್ರಿ ಒಳ್ಳೆಯ ಹೋಟೆಲ್‌ನಲ್ಲಿ ಮಂಚದ ಮೇಲೆ ಮಲಗಿ.

ಕಳಲೆಪಲ್ಯ (ಕೊಪ್ಪ)

ಊಟದ ಬಗ್ಗೆ ನಾನು ಹೇಳುತ್ತೇನೆ, ಯಾಕೆಂದರೆ ಶುದ್ಧ ಸಸ್ಯಾಹಾರಿಗಳು ಅಲ್ಲಿ ಏಟು ತಿನ್ನುವುದು ಕಣ್ಣಿಗೆ ಕಾಣದ ಕಡೆ.

ಮೀನಿನ ತುಂಡು ತಟ್ಟೆಯಲ್ಲಿದ್ದರೆ ನೋಡಿ ಪಕ್ಕಕ್ಕಿಡಬಹುದು. ಆದರೆ ಅವರ ಅಡುಗೆಯ ಬುಡವೇ ದಾಶಿ ಅನ್ನುವ ಸಾರು. ಒಣಗಿಸಿ ಹೊಗೆಯಾಡಿಸಿದ ಬೊನಿಟೊ ಮೀನನ್ನು ತೆಳ್ಳಗೆ ಹೆರೆದು ಕುದಿಸಿದ ನೀರು ಅದು. ಮಿಸೊ ಸೂಪ್, ಬೇಯಿಸಿದ ತರಕಾರಿ, ಅದ್ದಿಕೊಳ್ಳುವ ರಸ, ಎಲ್ಲದಕ್ಕೂ ಅದೇ ಬೀಳುತ್ತದೆ. ನೀವು ವೆಜಿಟೇರಿಯನ್ ಅಂದರೆ ಮಾಂಸ ಮೀನು ತೆಗೆದು ಅದೇ ದಾಶಿಯಲ್ಲಿ ಬೆಂದ ಕುಂಬಳಕಾಯಿ ತಂದಿಡುತ್ತಾರೆ. ಮೋಸ ಅಲ್ಲ ಅದು, ಅವರ ಲೆಕ್ಕದಲ್ಲಿ ಅದು ತರಕಾರಿಯೇ. ಹಾಗಾಗಿ ಬುಕ್ ಮಾಡುವಾಗಲೇ ಬಿಡಿಸಿ ಬರೆಯಿರಿ: ಮಾಂಸ ಇಲ್ಲ, ಮೀನು ಇಲ್ಲ, ಮೊಟ್ಟೆ ಇಲ್ಲ, ಮೀನಿನ ದಾಶಿ ಇಲ್ಲ, ಕೊಂಬು ದಾಶಿ ಆಗುತ್ತದೆ (ಅದು ಸಮುದ್ರದ ಪಾಚಿ), ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಮೇಲೆ ಉದುರಿಸುವ ಈರುಳ್ಳಿ ಸೊಪ್ಪೂ ಬೇಡ. ಆಗುವುದಿಲ್ಲ ಅಂದರೆ ಕೆಲವರು ನೇರವಾಗಿ ಆಗುವುದಿಲ್ಲ ಎನ್ನುತ್ತಾರೆ. ಅದು ಒಳ್ಳೆಯದೇ, ಬೇರೆ ಕಡೆ ನೋಡಬಹುದು. ಹೋದ ಮೇಲೆ ಹೇಳಿದರೆ ಏನೂ ನಡೆಯುವುದಿಲ್ಲ, ಹತ್ತು ಹನ್ನೆರಡು ಬಗೆಯ ಊಟಕ್ಕೆ ಸಾಮಾನು ಮೊದಲೇ ತರಿಸಿಟ್ಟಿರುತ್ತಾರೆ.

ನನ್ನನ್ನು ಕೇಳಿದರೆ ಅಪ್ಪ ಅಮ್ಮನಿಗೆ ರ್ಯೋಕಾನ್ ಬೇಡ, ಕೋಯಾಸಾನ್ ಇರಲಿ. ಒಸಾಕಾದ ನಂಬಾ ಸ್ಟೇಷನ್ನಿನಿಂದ ರೈಲು, ಕೊನೆಗೆ ಬೆಟ್ಟ ಹತ್ತುವ ಕೇಬಲ್ ಕಾರು, ಹೆಚ್ಚುಕಮ್ಮಿ ಎರಡು ಗಂಟೆ. ಸುಮಾರು 800 ಮೀಟರ್ ಎತ್ತರದ ಊರು, ಸುತ್ತ ದೊಡ್ಡ ದೊಡ್ಡ ಮರಗಳ ಕಾಡು. 816ರಲ್ಲಿ ಕೂಕಾಯ್ ಅನ್ನುವ ಸನ್ಯಾಸಿಗೆ ಆ ಬೆಟ್ಟ ಸಿಕ್ಕಿದ್ದು, ಅಲ್ಲಿಂದ ಶಿಂಗೊನ್ ಬೌದ್ಧರ ಕ್ಷೇತ್ರ. 50ಕ್ಕೂ ಹೆಚ್ಚು ಮಠಗಳಲ್ಲಿ ಯಾತ್ರಿಕರಿಗೆ ಉಳಿಯಲು ಜಾಗ ಕೊಡುತ್ತಾರೆ. ಊಟ ಶೋಜಿನ್ ರ್ಯೋರಿ, ಅಂದರೆ ಮಠದ ಅಡುಗೆ, ಅದರಲ್ಲಿ ಮೀನೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ನಿಷಿದ್ಧ! ನಿಮ್ಮಪ್ಪನಿಗೆ ಹೇಳಿ ಮಾಡಿಸಿದ ಹಾಗೆ. ಎಳ್ಳು ಅರೆದು ಕೂಡಿಸಿದ ಗೋಮಾ ದೋಫು ಬರುತ್ತದೆ, ಬಾಯಲ್ಲಿಟ್ಟರೆ ಕರಗುತ್ತದೆ, ಹೆಸರು ತೋಫು ಅಂದರೂ ಅದರಲ್ಲಿ ಸೋಯಾ ಇಲ್ಲ. ಏಪ್ರಿಲ್ ಅಂದರೆ ಕಳಲೆ ಕಾಲ. ಅಕ್ಕಿ ತೌಡು ಹಾಕಿ ಬೇಯಿಸಿ ಕಹಿ ತೆಗೆಯುತ್ತಾರೆ, ನಮ್ಮ ಹಾಗೆ ದಿನಗಟ್ಟಲೆ ನೀರು ಬದಲಿಸುತ್ತಾ ಕೂರುವುದಿಲ್ಲ. ಸಿಹಿ ಇರುತ್ತದೆ, ಖಾರ ಎಂತದೂ ಇಲ್ಲ, ಉಪ್ಪಿನಕಾಯಿ ಡಬ್ಬಿ ಜೊತೆಗಿರಲಿ.

ಬೆಳಿಗ್ಗೆ 6ರ ಸುಮಾರಿಗೆ ಪೂಜೆ, ಕೂತು ನೋಡಬಹುದು. ಕೆಲವು ಮಠಗಳಲ್ಲಿ ಅಗ್ನಿಕುಂಡದಲ್ಲಿ ಕಡ್ಡಿ ಜೋಡಿಸಿ ಎಣ್ಣೆ ಬಿಟ್ಟು ಹೋಮ ಮಾಡುತ್ತಾರೆ, ನಮ್ಮಲ್ಲಿಂದ ಚೀನಾ ಮೇಲೆ ಹಾದು ಹೋದದ್ದೇ ಅದು. ಇನ್ನೊಂದು ಧ್ಯಾನ ಇದೆ, ಎದುರಿಗೆ ಸಂಸ್ಕೃತದ ಹಳೇ ಸಿದ್ಧಂ ಲಿಪಿಯಲ್ಲಿ ಬರೆದ 'ಅ' ಅಕ್ಷರ ಇಟ್ಟುಕೊಂಡು ಮಾಡುವಂಥದ್ದು. ನಿಮ್ಮಪ್ಪ ಸಂಧ್ಯಾವಂದನೆ ಮಾಡುವವರಾದರೆ ಅಲ್ಲಿಂದ ಏಳುವುದಿಲ್ಲ ನೋಡಿ. ಹ್ಞಾಂ, ಮಠದಲ್ಲಿ ಊಟದ ಜೊತೆ ಬಿಯರ್ ಕೇಳಿದರೆ ಕೊಡುತ್ತಾರೆ. ಪಕ್ಕದ ಮೇಜಿನಲ್ಲಿ ಬಾಟಲಿ ಕಂಡು ಅಪ್ಪ ಗಾಬರಿಯಾಗದ ಹಾಗೆ ಮೊದಲೇ ಹೇಳಿಬಿಡಿ.

ಹೊಸನಗರದವಳು

ಕೋಯಾಸಾನ್ ಚೆನ್ನಾಗಿದೆ, ಒಪ್ಪಿದೆ. ಆದರೆ ಅಲ್ಲಿ ಹೆಚ್ಚಿನ ಮಠಗಳಲ್ಲಿ ಸ್ನಾನದ ನೀರು ಕಾಯಿಸಿದ್ದು, ಬುಗ್ಗೆಯದ್ದಲ್ಲ, ಅದೂ ಸಾಮೂಹಿಕವೇ. ಹಾಸಿಗೆ ನೆಲದ ಮೇಲೆ. ಏಪ್ರಿಲ್‌ನಲ್ಲೂ ರಾತ್ರಿ ಚಳಿ ಕೊರೆಯುತ್ತದೆ. ಪೂಜೆಗೆ ಹೋಗುವ ಓಣಿ ಮರದ ಹಲಗೆಯದು, ಸಾಕ್ಸ್ ಹಾಕಿದ್ದರೂ ಅಂಗಾಲು ಮರಗಟ್ಟುತ್ತದೆ. ಮಂಡಿನೋವಿನ ಅಮ್ಮನಿಗೆ ಬೇಕಾಗಿರುವುದು ಬಿಸಿನೀರು, ಬೆಳಗಿನ ಜಾವದ ಚಳಿ ಅಲ್ಲ ತಾನೇ? ಮಂಚ, ಕುರ್ಚಿ ಇರುವ ಮಠಗಳೂ ಇವೆ, ಹುಡುಕಬೇಕು.

ಮಂಡಿಪೇಟೆಯವರಿಗೆ: ಹಗಲು ಸ್ನಾನಕ್ಕೆ ಹೋದರೆ ಅದು ಸ್ನಾನ ಅಷ್ಟೇ. ರ್ಯೋಕಾನ್‌ನಲ್ಲಿ ದುಡ್ಡು ಕೊಡುವುದು ಎಲ್ಲಿಗೂ ಹೋಗದೆ ಇರುವುದಕ್ಕೆ. ನೀವು ಊಟಕ್ಕೆ ಹೋಗಿ ಬರುವುದರೊಳಗೆ ಒಬ್ಬರು ಬಂದು ಚಹಾದ ಮೇಜು ಸರಿಸಿ, ಗೋಡೆಬೀರುವಿನಿಂದ ಹಾಸಿಗೆ ತೆಗೆದು, ಸುಕ್ಕಿಲ್ಲದ ಹಾಗೆ ಹಾಸಿ ಹೋಗಿರುತ್ತಾರೆ. ಜೀವಮಾನವೆಲ್ಲ ಬೇರೆಯವರಿಗೆ ಹಾಸಿಗೆ ಹಾಸಿದ ಹೆಂಗಸಿಗೆ ಅದು ಏನು ಅಂತ ಅಡಿಕೆ ಲೆಕ್ಕದಲ್ಲಿ ಹೇಳಲು ಬರುವುದಿಲ್ಲ.

ಸಾಗರಸೀಮೆ

ಚಟುವಟಿಕೆ ಪ್ಯಾಕೇಜ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಒಂದೂವರೆ ಗಂಟೆಯಲ್ಲಿ ಕಿಮೋನೊ ಉಡಿಸಿ, ಚಹಾ ಕುಡಿಸಿ, ಕುಂಚ ಕೈಗೆ ಕೊಟ್ಟು ಹೊರಗೆ ಕಳಿಸುವಂಥದ್ದು ಖಂಡಿತ ಬೇಡ. ಊರನ್ನು ನೋಡಿಕೊಂಡು ಆರಿಸಿ. ಆಯಾ ಊರಿನವರು ತಮಗೋಸ್ಕರ ಮಾಡಿಕೊಂಡು ಬಂದದ್ದು ಏನಿದೆಯೋ ಅದನ್ನು ನೋಡಿ.

ಹಕೋನೆ (ಟೋಕಿಯೊ ಹತ್ತಿರದ ಬುಗ್ಗೆಗಳ ಊರು) ಅಂದರೆ ಯೊಸೆಗಿ ಮರಗೆಲಸ. ಹತಾಜುಕು ಅಂತ ಹಳ್ಳಿ, ಹಳೇ ಹೆದ್ದಾರಿಯ ಪಕ್ಕ. ಬೇರೆ ಬೇರೆ ಮರದ ಕಡ್ಡಿಗಳನ್ನು ಅವುಗಳದೇ ಬಣ್ಣ ನೋಡಿ ಜೋಡಿಸಿ ಅಂಟಿಸುತ್ತಾರೆ, ಬಳಿದ ಬಣ್ಣ ಇಲ್ಲವೇ ಇಲ್ಲ. ಹಳದಿ ಒಂದು ಮರದ್ದು, ಕಂದು ಇನ್ನೊಂದರದ್ದು. ಅಂಟಿದ ದಿಮ್ಮಿಯ ಅಡ್ಡಕ್ಕೆ ಚಿತ್ತಾರ ಬಂದಿರುತ್ತದೆ. ಅದರ ಮೇಲೆ ಕೀಸುಳಿ ಎಳೆದರೆ ಚಿತ್ತಾರದ ಸಮೇತ ಕಾಗದದಷ್ಟು ತೆಳ್ಳನೆಯ ಹಾಳೆ ಸುರುಳಿ ಸುತ್ತಿಕೊಂಡು ಏಳುತ್ತದೆ, ಅದನ್ನು ಬಿಸಿ ತಾಗಿಸಿ ಚಪ್ಪಟೆ ಮಾಡಿ ಡಬ್ಬಿಗೆ ಅಂಟಿಸುತ್ತಾರೆ. ನಾನು ಗುಡಿಗಾರರ ಕೇರಿ ನೋಡಿಕೊಂಡು ಬೆಳೆದವನು, ಗಂಧದ ಕೊರಡಿನ ಮೇಲೆ ಉಳಿ ಆಡುವುದು ಗೊತ್ತು, ಆದರೂ ಆ ಕೀಸುಳಿಯ ಮುಂದೆ ಬಾಯಿ ಬಿಟ್ಟುಕೊಂಡು ನಿಂತೆ. ಸಣ್ಣ ತುಂಡು ಅಂಟಿಸಿ ಲೋಟದ ಕೆಳಗಿಡುವ ಬಿಲ್ಲೆ ಮಾಡಲು ನಮಗೂ ಕೊಡುತ್ತಾರೆ, ಮೇಜಿನ ಮುಂದೆ ಕೂತು ಮಾಡುವ ಕೆಲಸ, ಮಂಡಿಗೆ ತೊಂದರೆ ಇಲ್ಲ.

ಕುಸಾತ್ಸು ಅನ್ನುವ ಇನ್ನೊಂದು ಬುಗ್ಗೆಯ ಊರು ಆದರೆ ಯುಮೊಮಿ. ಅಲ್ಲಿ ಬುಗ್ಗೆಯ ನೀರು 50 ಡಿಗ್ರಿಗೂ ಮೇಲೆ, ಇಳಿಯಲು ಆಗುವುದಿಲ್ಲ. ತಣ್ಣೀರು ಬೆರೆಸಿದರೆ ನೀರಿನ ಗುಣ ಹೋಗುತ್ತದೆ ಅಂತ ಹೆಂಗಸರು ಸಾಲಾಗಿ ನಿಂತು ಆಳುದ್ದದ ಹಲಗೆಗಳಿಂದ ಹಾಡು ಹೇಳುತ್ತಾ ನೀರನ್ನು ಮಗುಚಿ ಮಗುಚಿ ಆರಿಸುತ್ತಾರೆ. ಈಗ ಅದು ಟಿಕೆಟ್ ಇಟ್ಟ ಪ್ರದರ್ಶನವೇ, ಆದರೆ ಹಿಂದೆ ನಿಜವಾದ ಕೆಲಸ ಇದೆ. ಅಲ್ಲಿನ ನೀರು ಬಲವಾದ ಹುಳಿ, ಕಣ್ಣಿಗೆ ಹೋದರೆ ಉರಿ ಜೋರು.

ಚಹಾ ವಿಧಿ ಬೇಕೇ ಬೇಕಾದರೆ ಕ್ಯೋಟೊದಲ್ಲಿ ನೋಡಿ, ಕುರ್ಚಿ ಮೇಜಿನದ್ದನ್ನು ಕೇಳಿ. ಅದು ಪ್ರವಾಸಿಗರಿಗೆ ಮಾಡಿದ ಕಲಬೆರಕೆ ಅಲ್ಲ, 1872ರಲ್ಲಿ ಕ್ಯೋಟೊ ಪ್ರದರ್ಶನಕ್ಕೆ ಬರುವ ವಿದೇಶಿಯರಿಗಾಗಿ ಚಹಾ ಮನೆತನದವರೇ ರೂಪಿಸಿದ್ದು. ಮೊದಲು ಸಿಹಿ ತಿಂದು ಮುಗಿಸಬೇಕು, ಆಮೇಲೆ ಬಟ್ಟಲು. ಬಟ್ಟಲಿನ ಚಂದದ ಮುಖಕ್ಕೆ ಬಾಯಿ ತಾಗದ ಹಾಗೆ ಸ್ವಲ್ಪ ತಿರುಗಿಸಿ ಕುಡಿಯಬೇಕು. ಸಕ್ಕರೆ ಇಲ್ಲ, ಕಹಿ.

ನೀರಿನ ಬಗ್ಗೆ ಒಂದು ಮಾತು. 1948ರ ಕಾನೂನಿನ ಪ್ರಕಾರ ಬುಗ್ಗೆಯ ಬಾಯಲ್ಲಿ 25 ಡಿಗ್ರಿ ಇದ್ದರೆ ಅಥವಾ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಒಂದಾದರೂ ಸಾಕಷ್ಟಿದ್ದರೆ ಒನ್ಸೆನ್ ಅನ್ನಬಹುದು. ಹಾಗಾಗಿ ಕಾಯಿಸಿ ತಿರುಗಿಸಿ ಬಿಡುವ ನೀರೂ ಒನ್ಸೆನ್ನೇ. ಬುಗ್ಗೆಯಿಂದ ನೇರ ಬಂದು ಹರಿದು ಹೋಗುವುದಕ್ಕೆ ಗೆನ್‌ಸೆನ್ ಕಾಕೆನಾಗಾಶಿ ಅನ್ನುತ್ತಾರೆ, ಅಷ್ಟು ದುಡ್ಡು ಕೊಡುವುದಾದರೆ ಅದನ್ನೇ ಕೇಳಿ.

ಮಂಡಿಪೇಟೆ

ಹೊಸನಗರದವಳು ಅಕ್ಕಾ, ಅಡಿಕೆ ಲೆಕ್ಕಕ್ಕೆ ಬೈಸಿಕೊಂಡೆ, ಇರಲಿ. ಆದರೂ ನನ್ನ ಮಾತು ಅದೇ: ಒಂದು ರಾತ್ರಿ ಸಾಕು. ಎರಡನೇ ರಾತ್ರಿ ಮತ್ತದೇ ಪುಟ್ಟ ಪುಟ್ಟ ಬಟ್ಟಲುಗಳು ಬರುವಾಗ ಅಪ್ಪ ಅನ್ನ ಸಾರು ಕೇಳುತ್ತಾರೆ. ಏಪ್ರಿಲ್ ಕೊನೆ ವಾರ ಮಾತ್ರ ಹೋಗಬೇಡಿ, 29ರಿಂದ ಮೇ ಮೊದಲ ವಾರದ ತನಕ ಅವರಿಗೆ ಸಾಲು ರಜೆ, ರೇಟು ಏರಿ ರೂಮೂ ಸಿಗುವುದಿಲ್ಲ.

ತುಂಗೆದಂಡೆ (ತೀರ್ಥಹಳ್ಳಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಓದಿ ಹೇಳಿದೆ. ಹೋಮದ ವಿಷಯ ಕೇಳಿ ಅಪ್ಪ ಕನ್ನಡಕ ತೆಗೆದು ಕೂತರು, 'ಅ' ಅಕ್ಷರದ ಬಗ್ಗೆ ಇನ್ನೊಮ್ಮೆ ಓದಿಸಿದರು. ಅಮ್ಮ ಕಾಲುಂಗುರ ತೆಗೆಯುವುದಿಲ್ಲವಂತೆ, ಅದು ಇತ್ಯರ್ಥ ಆಗಿಹೋಯಿತು, ಗಂಧಕ ಇಲ್ಲದ ನೀರು ಹುಡುಕಬೇಕು. ಕೈಮೇಲೆ ಹಚ್ಚೆಯೂ ಇದೆ, ಹಾಗಾಗಿ ಕಶಿಕಿರಿಯೇ ಗತಿ.

ಸದ್ಯಕ್ಕೆ ಹೀಗೆ ಅಂದುಕೊಂಡಿದ್ದೇನೆ: ಹಕೋನೆಯಲ್ಲಿ ಒಂದು ರಾತ್ರಿ, ಮಂಚ ಇರುವ ರೂಮು, ಮಾರನೇ ದಿನ ಯೊಸೆಗಿ. ಆಮೇಲೆ ಕ್ಯೋಟೊ. ಕೋಯಾಸಾನ್‌ನಲ್ಲಿ ಮಂಚ ಕುರ್ಚಿ ಇರುವ ಮಠ ಸಿಕ್ಕಿದರೆ ಎಲ್ಲರೂ, ಇಲ್ಲದಿದ್ದರೆ ನಾನೂ ಅಪ್ಪನೂ ಮಾತ್ರ ಹೋಗಿ ಬರುತ್ತೇವೆ, ಅತ್ತೆ ಸೊಸೆ ಒಸಾಕಾದಲ್ಲಿ ಅಂಗಡಿ ಸುತ್ತಲಿ. ಟೂರಿನವನ ಪ್ಯಾಕೇಜ್ ಬಿಟ್ಟೆ. ನಾಲ್ಕು ಸೂಟ್‌ಕೇಸ್ ಎಳೆದುಕೊಂಡು ಬೆಟ್ಟ ಹತ್ತುವುದು ಹೇಗೆ ಅನ್ನುವುದೊಂದು ಉಳಿದಿದೆ.

ಹೊಸನಗರದವಳು

ಎಳೆಯಬೇಡಿ. ತಕ್ಯೂಬಿನ್ ಅಂತ ಇದೆ, ಟೋಕಿಯೊ ಹೋಟೆಲಿನ ಕೌಂಟರ್‌ನಲ್ಲಿ ಸೂಟ್‌ಕೇಸ್ ಕೊಟ್ಟರೆ ಸಾಮಾನ್ಯವಾಗಿ ಮಾರನೇ ದಿನ ಕ್ಯೋಟೊ ಹೋಟೆಲಿನಲ್ಲಿರುತ್ತದೆ. ಹಕೋನೆಗೆ ಒಂದು ಕೈಚೀಲ ಸಾಕು, ರಾತ್ರಿ ಉಡಲು ಯುಕಾತಾ ಅನ್ನುವ ಹತ್ತಿಯ ನಿಲುವಂಗಿ ಅವರೇ ಕೊಡುತ್ತಾರೆ. ಎಡಗಡೆಯ ಅಂಚು ಮೇಲೆ ಬರುವ ಹಾಗೆ ಕಟ್ಟಿಕೊಳ್ಳಿ, ಬಲಗಡೆಯದು ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ಕ್ರಮ.

ಊಟದ ಹೊತ್ತು 6 ಅಂದರೆ 6ಕ್ಕೇ ಕೂರಬೇಕು. ಟೋಕಿಯೊದ ಶಿಂಜುಕು ಸ್ಟೇಷನ್ನಿನಿಂದ ರೊಮಾನ್ಸ್‌ಕಾರ್ ರೈಲು ಒಂದೂವರೆ ಗಂಟೆಯೊಳಗೆ ಹಕೋನೆ ಯುಮೊತೊ ತಲುಪಿಸುತ್ತದೆ, ಸೀಟು ಮೊದಲೇ ಕಾದಿರಿಸಿ, 3 ಗಂಟೆಗೆ ಬಾಗಿಲಲ್ಲಿ ಇರುವ ಹಾಗೆ ನೋಡಿಕೊಳ್ಳಿ. ಕಶಿಕಿರಿ ಪಾಳಿ ಕೆಲವು ಕಡೆ ಮೊದಲು ಬಂದವರಿಗೆ ಮೊದಲು. ಊಟಕ್ಕೆ ಮುಂಚಿನ ಪಾಳಿಯನ್ನು ಅಮ್ಮನಿಗೆ ಹಿಡಿಯಿರಿ.